ಪಂಚಶೀಲಾಳಿಗೊಂದು ಶಾಲು

ರಗಳೆ ಶುರುವಾದದ್ದು ಒಂದು ಶಾಲಿನಿಂದ.

ದೇವಾನಂದ ಮಾಸ್ತರು ಅದನ್ನು ಜೇವರ್ಗಿಯಿಂದ ತಂದಿದ್ದರು. ನೀಲಿ ಶಾಲು, ಅಂಚಿಗೆ ಬಂಗಾರದ ಬಣ್ಣದ ಪಟ್ಟಿ. ಇಜೇರಿಯ ಶಾಲೆಯಲ್ಲಿ ಅವರು ಅತಿಥಿ ಶಿಕ್ಷಕರು. ಹಗಲು ಮಕ್ಕಳಿಗೆ ಡ್ರಿಲ್, ಬೆಳಗ್ಗೆ ಊರಂಚಿನ ಮುಚ್ಚಿದ ಹತ್ತಿ ಜಿನ್ನಿನ ಕಾರ್ಖಾನೆಯ ಅಂಗಳದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಪಾರ್ಕೂರ್. ಗೋಡೆ ಹತ್ತುವುದು, ಕಟ್ಟೆಯಿಂದ ಕಟ್ಟೆಗೆ ಜಿಗಿಯುವುದು, ಬಿದ್ದರೆ ಉರುಳಿ ಎದ್ದು ನಿಲ್ಲುವುದು, ಇದನ್ನೆಲ್ಲ ಶಿಸ್ತಾಗಿ ಕಲಿಯುವ ವಿದ್ಯೆಗೆ ಆ ಹೆಸರು. ಊರವರ ಬಾಯಲ್ಲಿ ಅದು ‘ಗ್ವಾಡಿ ಹಾರೋ ಸಾಲಿ’.

ಶಾಲು ಪಂಚಶೀಲಾಳಿಗೆ. ಎಲ್ಲರಿಗಿಂತ ಮೊದಲು ಬರುವವಳು ಅವಳು. ಬಂದವಳೇ ಅಂಗಳದ ಜಾಲಿಮುಳ್ಳು ಗುಡಿಸುತ್ತಾಳೆ. ಆಮೇಲೆ ಹಿಂದಿನ ಗೋಡೆಯತ್ತ ಓಡುತ್ತಾಳೆ, ಒಂದು ಹೆಜ್ಜೆ ಗೋಡೆಗೆ ಒತ್ತುತ್ತಾಳೆ, ಬೆರಳು ಅಂಚಿಗೆ ತಾಗುತ್ತವೆ, ಬೀಳುತ್ತಾಳೆ. ಮತ್ತೆ ಓಡುತ್ತಾಳೆ. ಜೊತೆಯವರೆಲ್ಲ ಆ ಗೋಡೆ ದಾಟಿ ಯಾವುದೋ ಕಾಲವಾಗಿತ್ತು. ಪಂಚಶೀಲಾ ಒಮ್ಮೆಯೂ ದಾಟಿರಲಿಲ್ಲ. ಆದರೂ ಮೊದಲು ಬರಿಯ ಉಗುರು ತಾಗುತ್ತಿದ್ದ ಅಂಚಿಗೆ ಈಗ ಬೆರಳ ಗೆಣ್ಣು ಸಿಗುತ್ತಿತ್ತು. ಅದನ್ನು ಕಂಡವರು ಮಾಸ್ತರು ಒಬ್ಬರೇ.

ಅವಳ ಅಪ್ಪ ಪೀರಪ್ಪ, ಚೀಲ ಹೊರುವ ಹಮಾಲ, ಶನಿವಾರ ಬಂದು ಹೇಳಿದ್ದ: “ಸರ್, ವರ್ಷಾತು. ಹೋಗ್ತಾಳ, ಮೊಣಕಾಲು ಕೆತ್ತಿಸ್ಕೊಂಡು ಬರ್ತಾಳ. ನಿನ್ನ ಮಗಳು ಏನ್ ಕಲಿತಾಳೋ ಅಂತ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ? ಸಾಕ್ರಿ. ಅವರವ್ವನ ಜೋಡಿ ಹತ್ತಿ ಬಿಡಿಸಾಕ ಕಳಸ್ತೇನಿ.”

“ನಾಳಿ ಒಂದಿನ ತಡೀರಿ ಪೀರಪ್ಪಣ್ಣ. ನೀವೂ ಬರ್ರಿ. ಏನ್ ಕಲಿತಾಳ ಅಂತ ನಾಲ್ಕು ಮಂದಿ ಮುಂದ ನಾನ ಹೇಳ್ತೇನಿ.”

ಮಾಸ್ತರು ಅಂದುಕೊಂಡಿದ್ದು ಖರೇನೇ ನಾಲ್ಕು ಮಂದಿ. ಭಾನುವಾರ ಬೆಳಗ್ಗೆ ಚಹಾದಂಗಡಿಯಲ್ಲಿ ಶಾಲಿನ ಪೊಟ್ಟಣ ಪಕ್ಕಕ್ಕಿಟ್ಟದ್ದೇ ತಪ್ಪಾಯಿತು. ಕಾಳಿನ ವ್ಯಾಪಾರಿ ಶಾಂತಲಿಂಗಪ್ಪ ಎದುರಿನ ಬೆಂಚಿನ ಮೇಲಿದ್ದರು. ಜಿನ್ನಿನ ಹಿಂದಿನ ಗೋಡೆಯಾಚೆಯದು ಅವರದೇ ಹಿತ್ತಲು.

“ಏನ್ ಮಾಸ್ತರ, ಶಾಲು? ಯಾರಿಗೆ ಸನ್ಮಾನ?”

ಮಾಸ್ತರು ಹೇಳಿದರು.

“ಮುಖ್ಯ ಅತಿಥಿ ಯಾರು?”

“ಅತಿಥಿ ಯಾರೂ ಇಲ್ರಿ. ಸುಮ್ನ ಹುಡುಗರ ಮುಂದ...”

ಶಾಂತಲಿಂಗಪ್ಪ ಚಹಾದ ಬಸಿ ಕೆಳಗಿಟ್ಟರು. “ಅತಿಥಿ ಇಲ್ದ ಸನ್ಮಾನ? ಮದುಮಗ ಇಲ್ದ ಮದಿವಿ ಮಾಡ್ತೀರೇನ್ರಿ? ನೀವು ಬಿಡ್ರಿ, ನಾ ನೋಡ್ಕೋತೇನಿ. ಹೆಂಗೂ ಇವತ್ತ ಫೌಜದಾರ ಸಾಹೇಬ್ರು ನಮ್ಮನಿಗೆ ಬರೋರದಾರ. ನಮ್ಮ ಬೆಳ್ಳಿ ತಂಬಿಗಿ ಕಳುವಾಗೇದಲ್ಲ, ಅದರ ತಪಾಸಕ್ಕ. ಅವರನ್ನ ಮುಖ್ಯ ಅತಿಥಿ ಮಾಡೂಣು!”

ಬಿಸಿಲೇರುವಷ್ಟರಲ್ಲಿ ಜಿನ್ನಿನ ಅಂಗಳಕ್ಕೆ ಶಾಮಿಯಾನ ಬಂತು, ಮೈಕು ಬಂತು, ಕುರ್ಚಿ ಬಂದವು, ಕುರ್ಚಿಗಳ ಹಿಂದೆ ಊರೂ ಬಂತು. ಕುರ್ಚಿ ಖಾಲಿ ಇದ್ದರೂ ಪೀರಪ್ಪ ಕೊನೆಯಲ್ಲಿ ಕಂಬ ಹಿಡಿದು ನಿಂತೇ ಇದ್ದ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಪೊಲೀಸ್ ಠಾಣೆಯ ಫೌಜದಾರರು ವೇದಿಕೆ ಹತ್ತಿದ್ದೇ ತಡ, ಶಾಂತಲಿಂಗಪ್ಪ ಪೊಟ್ಟಣ ಬಿಚ್ಚಿ ನೀಲಿ ಶಾಲನ್ನು ಅವರಿಗೆ ಹೊದಿಸಿಬಿಟ್ಟರು. ಚಪ್ಪಾಳೆ ಬಿತ್ತು.

ಮಾಸ್ತರು ಶಾಂತಲಿಂಗಪ್ಪನವರ ಕಿವಿಯಲ್ಲಿ, “ಸಾಹುಕಾರ್ರ, ಅದು ಹುಡುಗಿಗೆ...” ಅಂದರು.

“ಅತಿಥಿ ಬರಿ ಮೈಲೆ ಕುಂತ್ರ ಊರಿನ ಇಜ್ಜತ್ ಏನಾಗಬೇಕು? ಹುಡುಗಿಗೆ ಮಾತಿನಾಗ ಸನ್ಮಾನ ಮಾಡ್ರಿ. ಯಾರ್ಯಾರು ಏನೇನ್ ಕಲಿತಾರ, ಬಿಡಿಸಿ ಬಿಡಿಸಿ ಹೇಳ್ರಿ.”

ಆ ಬಿಸಿಲಲ್ಲಿ ಫೌಜದಾರರು ಬಟ್ಟೆ ಸುತ್ತಿ ಹಬೆಗಿಟ್ಟ ಕಡುಬಿನಂತೆ ಕುಳಿತರು.

ಮಾಸ್ತರು ಮೈಕು ಹಿಡಿದರು. ಶಾಲಿಲ್ಲದ ಕೊರತೆಯನ್ನು ಮಾತಿನಲ್ಲೇ ತುಂಬಬೇಕೆಂದು ಮನಸ್ಸು ಬಿಚ್ಚಿದರು.

“ಈತ ಸೊಹೇಲ. ಬಂದಾಗ ಕಟ್ಟಿ ಇಳಿಯಾಕೂ ಅಂಜತಿದ್ದ. ಈಗ ತಗಡಿನ ಮ್ಯಾಲಿಂದ ಜಿಗದ್ರ ಒಂದು ಸಪ್ಪಳ ಬರಂಗಿಲ್ರಿ. ಬೆಕ್ಕಿಗೂ ಗೊತ್ತಾಗಂಗಿಲ್ಲ!”

ಮೊದಲ ಸಾಲಿನಲ್ಲಿದ್ದ ಸುಮಿತ್ರಾಬಾಯಿ, ಶಾಂತಲಿಂಗಪ್ಪನವರ ಹೆಂಡತಿ, ಪಕ್ಕದವರಿಗೆ ಮೊಣಕೈ ತಿವಿದರು. “ಸಪ್ಪಳ ಬರಂಗಿಲ್ಲಂತ. ನಮ್ಮ ತಂಬಿಗಿ ಹೋದಾಗೂ ಸಪ್ಪಳ ಬಂದಿಲ್ಲ ನೋಡ್ರಿ.”

“ಈಕಿ ಪಲ್ಲವಿ. ಎಂಥಾ ಗ್ವಾಡಿ ಇರ್ಲಿ, ಕಣ್ಣು ಮುಚ್ಚಿ ತೆರೆಯೂದ್ರಾಗ ಆ ಕಡೆ ಇರ್ತಾಳ.”

“ಆ ಕಡೆ ಅಂದ್ರ ನಮ್ಮ ಹಿತ್ತಲಾ!” ಅಂದರು ಸುಮಿತ್ರಾಬಾಯಿ, ಈ ಸಲ ಜೋರಾಗಿ.

ಮಾಸ್ತರ ಕಿವಿಗೆ ಅದು ಬೀಳಲಿಲ್ಲ. ಅವರ ಕಣ್ಣು ಪೀರಪ್ಪನ ಮೇಲಿತ್ತು. “ಎಲ್ಲಾರಿಗಿಂತ ಹೆಚ್ಚಿನಾಕಿ ಪಂಚಶೀಲಾ. ವರ್ಷವಿಡೀ ಒಂದಿನಾನೂ ತಪ್ಪಿಸಿಲ್ಲ. ಹೊತ್ತು ಹುಟ್ಟೂಕಿಂತ ಮೊದಲ ಬಂದು, ಊರೆಲ್ಲಾ ಮಲಗಿರ್ತದ ನೋಡ್ರಿ, ಆಗ ಈ ಗ್ವಾಡಿ ಮುಂದ ಒಬ್ಬಾಕಿನ ನಿಂತಿರ್ತಾಳ. ಇದನ್ನ ದಾಟೋದೊಂದ ಆಕಿ ಧ್ಯಾನ!”

ಚಪ್ಪಾಳೆ ಬೀಳಲಿಲ್ಲ. ಸೊಹೇಲನ ಹೆಸರು ಬಂದಾಗ ತಲೆಗಳಷ್ಟೇ ತಿರುಗಿದ್ದವು. ಈಗ ಕುರ್ಚಿಗಳೇ ಪೀರಪ್ಪನ ಕಡೆಗೆ ತಿರುಗಿದವು. ಅವನು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಫೌಜದಾರರು ಶಾಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ಮಾಸ್ತರ, ಛಲೋ ಮಾತಾಡಿದ್ರಿ. ಈ ಗ್ವಾಡಿ ದಾಟೋ ಮಂದಿ ಯಾರದಾರ ಅಂತ ನಾನೂ ಹುಡುಕಾಕತ್ತೇನಿ. ಒಬ್ಬೊಬ್ಬರಾಗಿ ಹತ್ತಿ ತೋರಿಸ್ಲಿ.”

ಕಳುವಾದ ತಂಬಿಗೆ ಆಗ ನೆನಪಾಗಿ ಮಾಸ್ತರು ಮೈಕು ಕೆಳಗಿಟ್ಟರು. “ಸಾಹೇಬ್ರ, ಭಾಷಣ ಅಂದಮ್ಯಾಲ ಒಂದಕ್ಕ ಎರಡು ಹೇಳ್ತೇವ್ರಿ. ಖರೇ ಅಂದ್ರ ಒಬ್ಬರಿಗೂ ಬರಂಗಿಲ್ಲ. ಬಿಲ್ಕುಲ್ ಬರಂಗಿಲ್ರಿ.”

“ಬರಂಗಿಲ್ಲಂದ್ರ ಬೀಳ್ತಾರ. ಬೀಳ್ಲಿ, ನೋಡೂಣು.”

ಸೊಹೇಲ ಮಾಸ್ತರ ಮುಖ ನೋಡಿದ. ಹೇಳಬೇಕಾದದ್ದೆಲ್ಲ ಆ ಮುಖದಲ್ಲೇ ಇತ್ತು. ಓಡಿದ, ಗೋಡೆಗೆ ಕಾಲಿಟ್ಟ, ಲಾರಿಯಿಂದ ಜಾರಿದ ತೊಗರಿ ಚೀಲದಂತೆ ದೊಪ್ಪನೆ ಬಿದ್ದ. ಜನ ಗೊಳ್ಳೆಂದು ನಕ್ಕರು. ಬೀಳುವಾಗ ಅವನು ಭುಜ ಒಳಗೆಳೆದುಕೊಂಡು ಎಷ್ಟು ಹದವಾಗಿ ಉರುಳಿದ ಎಂಬುದು ಮಾಸ್ತರಿಗೆ ಮಾತ್ರ ಕಂಡಿತು. ಶಾಬಾಶ್ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡರು.

“ವರ್ಷಗಟ್ಟಲೆ ಇದನ್ನೇನಲೇ ಕಲಿತಿದ್ದು?” ಹೆಂಗಸರ ನಡುವಿನಿಂದ ಅವನ ತಾಯಿ ಹಜರಾಬಿ ಕೂಗಿದಳು.

ಪಲ್ಲವಿ ಓಡಿ ಗೋಡೆಗೆ ಎದೆ ಗುದ್ದಿಕೊಂಡು ಕುಸಿದಳು. ಉಳಿದವರೂ ಒಬ್ಬರ ಹಿಂದೊಬ್ಬರು ಬಿದ್ದರು, ಒಬ್ಬ ಕುಂಟಿಯೂ ತೋರಿಸಿದ. ಕಲಿತದ್ದನ್ನೆಲ್ಲ ಮಕ್ಕಳು ಹೀಗೆ ಊರ ಮುಂದೆ ಮಣ್ಣುಪಾಲು ಮಾಡುವುದನ್ನು ಮಾಸ್ತರು ಕೈಕಟ್ಟಿ ನೋಡಿದರು. ಸುಮಿತ್ರಾಬಾಯಿಯ ಮುಖ ಸಡಿಲವಾಯಿತು. ಫೌಜದಾರರು ಆಕಳಿಸಿದರು.

ಉಳಿದವಳು ಪಂಚಶೀಲಾ. ಅವಳ ಬಗ್ಗೆ ಮಾಸ್ತರಿಗೆ ಚಿಂತೆಯೇ ಇರಲಿಲ್ಲ. “ಹೋಗವ್ವ,” ಅಂದರು ಮೆಲ್ಲಗೆ, “ದಿನಾ ಮಾಡಿದಂಗ ಮಾಡು.”

ಅವಳು ಓಡಿದಳು. ಒಂದು ಹೆಜ್ಜೆ ಗೋಡೆಗೆ ಒತ್ತಿದಳು. ಬೆರಳು ಅಂಚಿಗೆ ತಾಗಿದವು. ಅವಳು ಬೀಳುವುದನ್ನು ಎಲ್ಲರೂ ಕಾಯ್ದರು. ಬೀಳಲಿಲ್ಲ. ಮೊದಲು ಮೊಣಕೈ ಹೋಯಿತು, ಆಮೇಲೆ ಎದೆ, ಆಮೇಲೆ ಒಂದು ಕಾಲು. ನೋಡನೋಡುತ್ತ ಪಂಚಶೀಲಾ ಗೋಡೆಯ ಮೇಲೆ ಆಕಾಶಕ್ಕೆ ಅಡ್ಡವಾಗಿ ನಿಂತಿದ್ದಳು, ತಾನೇ ಬೆದರಿ, ತಾನೇ ನಗುತ್ತ.

ಫೌಜದಾರರ ಆಕಳಿಕೆ ಅರ್ಧಕ್ಕೆ ನಿಂತಿತು.

“ಸರ್,” ಅಂದಳು ಮೇಲಿನಿಂದ, ಅಳುವ ದನಿಯಲ್ಲಿ, “ಬೀಳಾಕ ಹೋಗಿದ್ನಿರಿ. ಕೈ ಬಿಡಲಿಲ್ಲರಿ.”

“ಈಕಿನ!” ಸುಮಿತ್ರಾಬಾಯಿ ಎದ್ದು ನಿಂತರು. “ಹೊತ್ತು ಹುಟ್ಟೂಕಿಂತ ಮೊದಲ ಬರ್ತಾಳಂತ ಮಾಸ್ತರ ಹೇಳ್ಯಾರಲ್ಲ!”

“ಇಲ್ರಿ ಅವ್ವಾರ, ಇವತ್ತ ಮೊದಲನೇ ಸಲ! ಇಲ್ಲೀತನಕ ಒಮ್ಮೆನೂ ಹತ್ತಿಲ್ರಿ!” ಮಾಸ್ತರು ಕೂಗಿದರು. ಯಾರೂ ಅವರತ್ತ ತಿರುಗಲೂ ಇಲ್ಲ. ಕಂಬದ ಹತ್ತಿರ ಪೀರಪ್ಪನ ಮುಖ ಬೂದಿಯಾಗಿತ್ತು. ಮಗಳನ್ನು ನೋಡಬೇಕೋ ಫೌಜದಾರರನ್ನೋ ತಿಳಿಯದೆ ಅವನು ನೆಲ ನೋಡಿದ.

ಅಷ್ಟರಲ್ಲಿ ಪಂಚಶೀಲಾ ಹಿತ್ತಲಿನತ್ತ ಬಗ್ಗಿದಳು. “ಅವ್ವಾರ, ನಿಮ್ಮ ಬಚ್ಚಲಮನಿ ಮಾಳಿಗಿ ಮ್ಯಾಲ ಸಂಡಿಗಿ ಹಾಕೀರಲ್ರಿ, ಆ ಅರಿವಿ ಮೂಲಿಗೆ ಏನೋ ಥಳಥಳ ಅಂತದ. ತಂಬಿಗಿ ಇದ್ದಂಗದರಿ.”

ಸುಮಿತ್ರಾಬಾಯಿ ಹಣೆ ಬಡಿದುಕೊಂಡರು. ತಂಬಿಗೆ ಕಾಣೆಯಾದ ದಿನ ಅವರು ಪೂಜೆ ಮುಗಿಸಿ ಸೀದಾ ಮಾಳಿಗೆಗೆ ಹೋಗಿ ಸಂಡಿಗೆ ಒಣಹಾಕಿದ್ದರು. ಗಾಳಿಗೆ ಅರಿವೆ ಹಾರಬಾರದೆಂದು ಮೂರು ಮೂಲೆಗೆ ಕಲ್ಲಿಟ್ಟು, ನಾಲ್ಕನೆಯದಕ್ಕೆ ಕಲ್ಲು ಸಿಗದೆ, ಕೈಯಲ್ಲಿದ್ದದ್ದನ್ನೇ ಇಟ್ಟು ಇಳಿದಿದ್ದರು.

ಆಮೇಲೆ ಬಿದ್ದ ಚಪ್ಪಾಳೆಗೆ ಶಾಮಿಯಾನ ನಡುಗಿತು. ನಾಚಿಕೆ ಮುಚ್ಚಿಕೊಳ್ಳಲು ಎಲ್ಲರಿಗಿಂತ ಜೋರಾಗಿ ತಟ್ಟಿದವರು ಶಾಂತಲಿಂಗಪ್ಪ. ಫೌಜದಾರರ ತೊಡೆಯ ಮೇಲಿನ ಶಾಲು ಎತ್ತಿಕೊಂಡು ಹೊರಟರು. ಹುಡುಗಿ ಗೋಡೆಯ ಮೇಲಿದ್ದಳು, ಕೈಗೆ ಸಿಗಲಿಲ್ಲ. ಪೀರಪ್ಪನಿಗೆ ಹೊದಿಸಿದರು.

ಮಾಸ್ತರ ಕಣ್ಣು ತುಂಬಿ ಬಂತು. ಆಯಿತು, ಗೆದ್ದೆ ಅಂದುಕೊಂಡರು.

ಹಜರಾಬಿ ಸೊಹೇಲನ ರಟ್ಟೆ ಹಿಡಿದು ಮುಂದೆ ಬಂದಳು. “ಮಾಸ್ತರ, ಆ ಹುಡುಗಿ ಒಬ್ಬಾಕಿನ ಕಲಿತಾಳ. ಇವನು ಏನ್ ಕಲಿತಾನ ನಾ ಕಣ್ಣಾರೆ ನೋಡೇನಿ. ನಾಳಿಂದ ಕಳಸಂಗಿಲ್ರಿ, ಗ್ಯಾರೇಜಿಗೆ ಹೋಗ್ತಾನ.” ಪಲ್ಲವಿಯ ಮನೆಯವರೂ ಅದನ್ನೇ ಅಂದರು. ಕುಂಟಿದವನ ಅಪ್ಪ ದೂರದಿಂದಲೇ ಕೈ ಮುಗಿದ. ಸೊಹೇಲ ತುಟಿ ಕಚ್ಚಿ ಮಾಸ್ತರನ್ನೇ ನೋಡುತ್ತಿದ್ದ. ಎರಡಡಿ ಆಚೆ ಫೌಜದಾರರು ಚಹಾ ಕುಡಿಯುತ್ತಿದ್ದರು. ಆ ಹುಡುಗನಿಗೆ ಎಲ್ಲವೂ ಬರುತ್ತದೆ ಎಂದು ಮಾಸ್ತರು ಈಗ ಯಾವ ಬಾಯಲ್ಲಿ ಹೇಳಬೇಕು?

ಇರಲಿ, ಒಬ್ಬಳಾದರೂ ಉಳಿದಳಲ್ಲ. ಮಾಸ್ತರು ಪೀರಪ್ಪನ ಕಡೆ ತಿರುಗಿದರು.

ಪೀರಪ್ಪ ಶಾಲು ಹೊದ್ದೇ ಓಡಿ ಬಂದ, ಎರಡೂ ಕೈಯಿಂದ ಅವರ ಕೈ ಹಿಡಿದ. “ಸರ್, ನಿಮ್ಮ ಉಪಕಾರ ಸಾಯೂತನಕ ಮರೆಯಂಗಿಲ್ರಿ. ಊರಿಗೂರ ನೋಡ್ತು. ನನ್ನ ಮಗಳು ಕಲಿತಳು!”

“ಹೌದು ಪೀರಪ್ಪಣ್ಣ. ಅದಕ್ಕ ನಾಳಿಂದ...”

“ನಾಳಿಂದ ಯಾಕ್ರಿ? ಕಲಿಯೂದು ಮುಗೀತಲ್ರಿ. ಹತ್ತಿ ಬಿಡಿಸೂದು ಭಾಳ ಅದ, ಅವರವ್ವ ಒಬ್ಬಾಕಿನ ಹೈರಾಣಾಗ್ಯಾಳ.”

ಗೋಡೆಯ ಮೇಲಿಂದ ಸಣ್ಣ ದನಿ ಕೇಳಿತು.

“ಸರ್, ಇಳಿಯೂದು ಹೆಂಗ್ರಿ? ಇದರ ಮ್ಯಾಲಿಂದ ಇಳಿಯೂದು ನೀವು ಕಲಿಸಿಲ್ರಿ.”

ಮಾಸ್ತರ ಮುಖಕ್ಕೆ ಜೀವ ಬಂತು. “ನೋಡ್ರಿ ಪೀರಪ್ಪಣ್ಣ, ಇಳಿಯೂದು ಬರಂಗಿಲ್ಲ ಆಕಿಗೆ! ಹತ್ತೂದು ಅರ್ಧಾ ಅಷ್ಟ. ಇನ್ನೊಂದು ವರ್ಷರೆ ಬೇಕು!”

“ಅದಕ್ಕ ಯಾಕ್ರಿ ವರ್ಷ?” ಅಂದ ಪೀರಪ್ಪ, ಮಾಸ್ತರ ಮುಗ್ಧತೆಗೆ ನಗುತ್ತ. ಶಾಲಿಗೆ ಮಣ್ಣು ತಾಗದಂತೆ ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಶಾಮಿಯಾನದವರ ಏಣಿ ಹೊತ್ತು ತಂದು ಗೋಡೆಗೆ ಆನಿಸಿದ. “ಮಾಸ್ತರ, ಸ್ವಲ್ಪ ಗಟ್ಟಿ ಹಿಡೀರಿ, ಕೂಸು ಬಿದ್ದೀತು.”

ಮಾಸ್ತರು ಏಣಿ ಹಿಡಿದರು.