ಮೂರು ಮನೆಯ ಒಪ್ಪಂದ

ಯುದ್ಧ ಶುರುವಾದದ್ದು ಯುರೋಪಿನಲ್ಲಾದರೂ ಅದರ ಕಿಡಿ ಬಂದು ಬಿದ್ದದ್ದು ಕೊಡ್ಲಿಪೇಟೆಯ ವಿಮಲಮ್ಮನ ಅಡುಗೆಮನೆಯಲ್ಲಿ.

ತಪ್ಪು ಅವಳ ಗಂಡ ರೇವಣ್ಣನದು. ಏಲಕ್ಕಿ ವ್ಯಾಪಾರದ ರೇವಣ್ಣನಿಗೆ ಮೈಸೂರಿನಿಂದ ಅಂಚೆಯಲ್ಲಿ ಪತ್ರಿಕೆ ಬರುತ್ತಿತ್ತು. ೧೯೧೪ರ ಆಗಸ್ಟಿನ ಒಂದು ಸಂಜೆ ಅವನು ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಓದಿ ಹೇಳಿದ: "ಸರ್ಬಿಯಾ ಅನ್ನೋ ಪುಟ್ಟ ದೇಶದ ಮೇಲೆ ಆಸ್ಟ್ರಿಯಾ ಬಿತ್ತು. ಸರ್ಬಿಯಾ ಕಡೆಗೆ ರಷ್ಯಾ ಬಂತು. ಆಸ್ಟ್ರಿಯಾ ಕಡೆಗೆ ಜರ್ಮನಿ. ರಷ್ಯಾ ಕಡೆಗೆ ಫ್ರಾನ್ಸು. ಈಗ ನಮ್ಮ ಇಂಗ್ಲಿಷರೂ ಹೊರಟವ್ರೆ. ಇದಕ್ಕೇ ಒಪ್ಪಂದ ಅನ್ನೋದು."

ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದ ವಿಮಲಮ್ಮನ ಕೈ ನಿಂತಿತು. ಎಲ್ಲಿಯದೋ ಪುಟ್ಟ ದೇಶಕ್ಕೆ ಇಷ್ಟು ಜನರ ನೆರವೇ? ಕಳೆದ ದೀಪಾವಳಿಗೆ ರೇವಣ್ಣನ ಸೋದರತ್ತೆ ಐದು ಜನರನ್ನು ಕಟ್ಟಿಕೊಂಡು ಬಂದಿಳಿದಾಗ ತನ್ನ ನೆರವಿಗೆ ಬೆಕ್ಕೂ ಬಂದಿರಲಿಲ್ಲ. ತವರಿಗೆ ಹೊರಟ ಗಾಡಿಯಿಂದ ಗಂಟು ಇಳಿಸಿ ಒಲೆ ಹಚ್ಚಿದ್ದಳು. ಅದರ ಹಿಂದಿನ ವರ್ಷವೂ ಅದೇ ಕತೆ. ತವರಿನ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು.

ಮರುದಿನವೇ ಅವಳು ಎಡಮನೆಯ ವಿಶಾಲಾಕ್ಷಮ್ಮನನ್ನೂ ಬಲಮನೆಯ ಕೆಂಚಮ್ಮನನ್ನೂ ಹಿತ್ತಿಲಿಗೆ ಕರೆದಳು. ಒಬ್ಬರ ಮೇಲೆ ನೆಂಟರು ಬಿದ್ದರೆ ಮೂವರ ಮೇಲೂ ಬಿದ್ದಂತೆ. ಕರೆದ ಕೂಡಲೇ ಬಂದು ಒಲೆ ಹಿಡಿಯಬೇಕು.

"ಈ ಬುದ್ಧಿ ಯಾರು ಕೊಟ್ರೇ ನಿಂಗೆ?" ವಿಶಾಲಾಕ್ಷಮ್ಮ ಕೇಳಿದಳು.

"ಜರ್ಮನಿಯೋರು ಹಿಂಗೇ ಮಾಡ್ಕೊಂಡವ್ರಂತೆ ಅಕ್ಕ."

"ಯಾರ ಪೈಕಿ ಅವ್ರು?"

"ದೂರದೋರು."

ಮೂವರೂ ವಿಭೂತಿ ಮುಟ್ಟಿ ಮಾತು ಕೊಟ್ಟರು.

ಆ ವರ್ಷದ ದೀಪಾವಳಿಗೆ ನಾಲ್ಕು ದಿನವಿತ್ತು. ವಿಮಲಮ್ಮ ಶನಿವಾರಸಂತೆಯ ಕಡೆಗಿದ್ದ ತವರಿಗೆ ಹೊರಡಲು ಮಧ್ಯಾಹ್ನಕ್ಕೆ ಗಾಡಿ ಗೊತ್ತಾಗಿತ್ತು. ಬೆಳಿಗ್ಗೆಯೇ ಬಾಗಿಲಲ್ಲಿ ಬೇರೊಂದು ಗಾಡಿ ನಿಂತಿತು. ಮೊದಲು ಒಂದು ಕುಂಬಳಕಾಯಿ ಇಳಿಯಿತು, ಆಮೇಲೆ ಅದಕ್ಕಿಂತ ದುಂಡಗಿದ್ದ ಸೋದರತ್ತೆ, ಅವಳ ಹಿಂದೆ ಐದು ಜನ.

ಅತ್ತೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಾನು ಹುಟ್ಟಿದ ಮನೆ ಕಣೇ ವಿಮಲಿ. ಹಬ್ಬ ಮುಗಿಯೋ ತನಕ ಕದಲೋಳಲ್ಲ."

ವಿಮಲಮ್ಮನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇವತ್ತು ಸಂಜೆ ತಾನೂ ಹೀಗೇ ಒಂದು ಹೊಸ್ತಿಲು ಮುಟ್ಟಬೇಕೆಂದಿದ್ದವಳು. ಸಿಟ್ಟನ್ನೆಲ್ಲ ಕುಂಬಳಕಾಯಿಯ ಮೇಲೆ ತೀರಿಸಿಕೊಂಡು ಅದನ್ನು ಮೂಲೆಗೆ ಉರುಳಿಸಿದಳು.

"ಅತ್ತೆ ಇರೋವಾಗ ನೀನು ಹೋಗೋದು ಹೆಂಗೆ?" ಎಂದ ರೇವಣ್ಣ. "ಮುಂದಿನ ವರ್ಷ ನೋಡಾಣ ಬಿಡು."

ವಿಮಲಮ್ಮ ಹಿತ್ತಿಲಿಗೆ ಓಡಿ ಎರಡು ಬೇಲಿಗೂ ಕೇಳುವಂತೆ ಕೂಗಿದಳು. ಇಬ್ಬರೂ ಹಿಟ್ಟಿನ ಕೈಯಲ್ಲೇ ಬಂದರು.

"ಹಬ್ಬದ ತನಕ ಈ ಒಲೆ ನಮ್ದು. ನೀವು ಉಂಡು ಗಾಡಿ ಹತ್ತಿ," ಎಂದಳು ಕೆಂಚಮ್ಮ. ವಿಮಲಮ್ಮನಿಗೆ ಅವಳನ್ನು ಅಪ್ಪಿಕೊಳ್ಳುವಂತಾಯಿತು.

ಆದರೆ ಒಂದು ಒಲೆಗೆ ಮೂವರು ಯಜಮಾನಿಯರು. ವಿಶಾಲಾಕ್ಷಮ್ಮನ ರೊಟ್ಟಿ ವೀಳ್ಯದೆಲೆಯಷ್ಟು ತೆಳುವು, ಕೆಂಚಮ್ಮನದು ಚಪ್ಪಡಿ.

"ಇದನ್ನ ತಿನ್ನೋಕೆ ಹಲ್ಲು ಸಾಲ್ದು, ಉಳಿ ಬೇಕು!"

"ನಿಮ್ಮದು ತಿಂದ್ರೆ ತಿಂದೆ ಅಂತ ಹೊಟ್ಟೆಗೇ ಗೊತ್ತಾಗಲ್ವಲ್ಲಕ್ಕ!"

ಈ ಗದ್ದಲದಲ್ಲಿ ಸಾರಿಗೆ ವಿಶಾಲಾಕ್ಷಮ್ಮ ಉಪ್ಪು ಹಾಕಿದಳು. ಅವಳಿಗೆ ಉಪ್ಪಿನ ಹದ ಗೊತ್ತಿಲ್ಲವೆಂದು ಕೆಂಚಮ್ಮ ಹಾಕಿದಳು. ಇಬ್ಬರೂ ಜಗಳದಲ್ಲಿ ಮರೆತಿರಬೇಕೆಂದು ವಿಮಲಮ್ಮ ಹಾಕಿದಳು.

ಅತ್ತೆ ಒಂದು ತುತ್ತು ಬಾಯಿಗಿಟ್ಟಳು. ಕಣ್ಣುಗುಡ್ಡೆಗಳು ಹೊರಬಂದವು.

"ಯಾವಳೇ ಈ ಸಾರು ಮಾಡಿದ್ದು?"

ಬಾಗಿಲಲ್ಲಿ ನಿಂತಿದ್ದವಳು ಕೆಂಚಮ್ಮ.

"ಇವಳಾ? ಕೈ ನೋಡಿದ್ರೇ ಗೊತ್ತಾಗುತ್ತೆ. ಸಗಣಿ ಬಾಚೋ ಕೈಗೆ ಸೌಟು ಕೊಟ್ಟೋರು ಯಾರು?"

ಕ್ಷಣದ ಹಿಂದೆ ಕೆಂಚಮ್ಮನ ಏಳು ತಲೆಮಾರನ್ನು ಜಾಲಾಡಿದ್ದ ವಿಶಾಲಾಕ್ಷಮ್ಮ ಸೌಟು ಹಿಡಿದು ಮುಂದೆ ಬಂದಳು.

"ಕೆಂಚೀನ ಬಯ್ಯೋಕೆ ನಾನಿದೀನಿ. ಹತ್ತು ವರ್ಷದಿಂದ ಬಯ್ತಾ ಇದೀನಿ. ಮಧ್ಯದಲ್ಲಿ ನೀವ್ಯಾರ್ರೀ?"

"ನಮ್ಮಕ್ಕನ ಮೇಲೆ ದನಿ ಎತ್ತಿದ್ರೆ ಸರಿಯಿರಲ್ಲ!" ಎಂದಳು ಕೆಂಚಮ್ಮ.

ಆಮೇಲೆ ಕೇಳಿದ ದನಿ ಯಾರದೆಂದು ವಿಮಲಮ್ಮನಿಗೇ ತಿಳಿಯಲಿಲ್ಲ. "ಇವರನ್ನ ಅಂದ್ರೆ ನನ್ನನ್ನೇ ಅಂದಂಗೆ ಅತ್ತೆ." ಮದುವೆಯಾದ ಹದಿನೈದು ವರ್ಷದಲ್ಲಿ ಆ ನಡುಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಹೋದ ಮೇಲೆ ಇಳಿಯಲು ಇಷ್ಟವೂ ಪಡಲಿಲ್ಲ.

ಅತ್ತೆ ಕೈ ತೊಳೆದಳು. "ಗಾಡಿ ಕಟ್ಟಿ! ಹುಟ್ಟಿದ ಮನೇಲೇ ಮೂರು ಜನ ನಿಂತು ನನ್ನ ಅಂದ್ರು. ಇದನ್ನ ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳ್ತೀನಿ!"

ಆರು ಜನ ಹೋದರು. ಕುಂಬಳಕಾಯಿಯೂ ಹೋಯಿತು. ಮೂವರು ಹೆಂಗಸರು ಒಲೆ ಮುಂದೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರೇವಣ್ಣ ಮಾತ್ರ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ.

"ಗಾಡಿ ಕಟ್ಟಿಸ್ತೀರೋ, ಇಲ್ಲ ಇವರಿಬ್ಬರನ್ನ ಕರೀಲೋ?" ಎಂದಳು ವಿಮಲಮ್ಮ. ಗಾಡಿ ಬಂತು.

ದಾರಿಯುದ್ದಕ್ಕೂ ಅವಳು ಯೋಚಿಸಿದಳು. ಮೂವರನ್ನು ಹಿಡಿದು ನಿಲ್ಲಿಸಿದ್ದು ವಿಭೂತಿಯಲ್ಲ. ದಿನಾ ಬೇಲಿಯ ಮೇಲೆ ಜಗಳವಾಡಿದವರು. ಆ ಜಗಳ ಹೊರಗಿನವರ ಪಾಲಾಗುವುದನ್ನು ಸಹಿಸಲಾರದೆ ಒಂದಾದರು. ಯುರೋಪಿನವರಿಗೆ ಇಂಥ ಬೇಲಿಗಳು ಇವೆಯೋ ಇಲ್ಲವೋ. ಎತ್ತಿನ ಗಂಟೆಗೆ ಸರಿಯಾಗಿ ಅವಳು ಮದುವೆಗೆ ಮುಂಚೆ ಹಾಡುತ್ತಿದ್ದ ಪದವೊಂದನ್ನು ಗುನುಗಿದಳು. ಗಾಡಿಯವನು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

ಹೊತ್ತಿಳಿಯುವಾಗ ತವರು ಕಂಡಿತು. ಅಣ್ಣ ಅಂಗಳ ದಾಟಿ ಓಡಿಬಂದ.

"ಬಂದ್ಯಾ ವಿಮಲಿ! ಶಿವನೇ ಕಳಿಸ್ದಂಗಾಯ್ತು! ನಿಮ್ಮತ್ತಿಗೆ ಬೆಳಿಗ್ಗೇನೇ ಅವಳ ತವರಿಗೆ ಹೋದ್ಲು. ಈಗ ನೋಡಿದ್ರೆ ಆರು ಜನ ನೆಂಟರು ಬಂದಿಳಿದವ್ರೆ, ಒಲೆ ಹಚ್ಚೋರಿಲ್ಲ."

ಜಗಲಿಯ ಕಂಬಕ್ಕೊರಗಿ ಎಲೆಅಡಿಕೆ ಮೆಲ್ಲುತ್ತಿದ್ದ ಸೋದರತ್ತೆ ಕತ್ತು ಚಾಚಿದಳು.

"ನಿನ್ನ ಮೇಲೆ ದೂರು ಹೇಳೋಕೆ ಬಂದೆ ಕಣೇ. ನಿಮ್ಮಣ್ಣ ಬಲು ಒಳ್ಳೇವ್ನು. ಹಬ್ಬ ಮುಗಿಸ್ಕೊಂಡೇ ಹೋಗ್ಬೇಕು ಅಂತ ಕೂತವ್ನೆ."

ವಿಮಲಮ್ಮ ಎಡಕ್ಕೆ ನೋಡಿದಳು. ಗದ್ದೆ. ಬಲಕ್ಕೆ ನೋಡಿದಳು. ಗದ್ದೆ. ಹತ್ತಿರದ ಮನೆ ಹೊಳೆಯಾಚೆ, ಅರ್ಧ ಮೈಲಿ ದೂರದಲ್ಲಿತ್ತು.