ಡಬ್ಬಿಯ ತಳದ ಒಂದು ಹಿಡಿ

ಮನೆಯಲ್ಲಿ ಜಾಗವಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಜಾಗ ಇದ್ದೇ ಇರುತ್ತದೆ, ನಮಗೆ ಬೇಕಾದ ಕಡೆ ಇರುವುದಿಲ್ಲ ಅಷ್ಟೇ. ಬೈಲಹೊಂಗಲದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಗೋಡೆ ತುಂಬ ತಗಡಿನ ಡಬ್ಬಿಗಳಿದ್ದವು. ಒಂದು ಕಾಳಿಗೆ ಒಂದೇ ಡಬ್ಬಿ, ಬೆರೆಸುವಂತಿಲ್ಲ. ಕಾಳು ತೀರುತ್ತ ಬಂದರೂ ತಳದಲ್ಲಿ ಒಂದು ಹಿಡಿ ಉಳಿಸಲೇಬೇಕು. ಡಬ್ಬಿ ಬರಿದಾದರೆ ಮನೆ ಬರಿದಾದಂತೆ ಎಂಬುದು ನನ್ನ ಹೆಂಡತಿ ಗಂಗವ್ವನ ನಂಬಿಕೆ. ತೀರಿತು ಎಂಬ ಮಾತನ್ನೇ ಆಡುವವಳಲ್ಲ. "ಬ್ಯಾಳಿ ತುಂಬೇತ್ರಿ" ಎಂದಳೆಂದರೆ ನಾನು ಚೀಲ ಹಿಡಿದು ಪೇಟೆಗೆ ಹೊರಡಬೇಕು. ಹೀಗಾಗಿ ನಮ್ಮಲ್ಲಿ ಯಾವ ಡಬ್ಬಿಯೂ ತುಂಬಿರಲಿಲ್ಲ, ಯಾವುದೂ ಖಾಲಿಯೂ ಇರಲಿಲ್ಲ.

ಇಂಥದರಲ್ಲಿ ಅವಳ ತಮ್ಮ ಬಸು ಉಗರಗೋಳದ ಹೊಲದ ಜೋಳವನ್ನು ಚೀಲ ತುಂಬಿ ತಂದು ಪಡಸಾಲೆಯಲ್ಲಿ ಇಳಿಸಿದ. ಅಲ್ಲಿಯ ನೆಲ ಸದಾ ತೇವ. ಬೇಗ ಎತ್ತಿಡದಿದ್ದರೆ ನಮ್ಮ ರೊಟ್ಟಿಗೆ ಸಂಚಕಾರ. ಬಸು ಮುಂಬೈಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವ, ರಜೆಗೆ ಬಂದಿದ್ದ. ಡಬ್ಬಿಗಳನ್ನೆಲ್ಲ ತೆರೆದು ನೋಡಿ ನಕ್ಕ.

"ನಮ್ಮ ಡಿಸ್ಕಿಗೂ ಇದ ರೋಗ ಐತ್ರಿ ಮಾವಾರ. ಜಾಗಾ ಬೇಕಾದಷ್ಟ ಇರತೈತಿ, ಆದ್ರ ಚೂರು ಚೂರು. ಎಲ್ಲಾ ತಗದು ಒಂದ ಕಡೆ ಒತ್ತಿ ಇಟ್ರ ಮುಗೀತು."

ಗಂಗವ್ವ ಯರಗಟ್ಟಿಗೆ ತಂಗಿಯ ಮನೆಗೆ ಹೋಗಿದ್ದಳು. ನಾನೋ ಶಾಲೆ ಮಾಸ್ತರ, ವಿಜ್ಞಾನ ಎಂದರೆ ಅರ್ಥವಾಗುವ ಮೊದಲೇ ತಲೆದೂಗುವವನು. ಇಬ್ಬರೂ ಸೇರಿ ಮಡಕಿ, ಹೆಸರು, ಹುರುಳಿ, ಅಲಸಂದಿ ಕಾಳುಗಳನ್ನೆಲ್ಲ ಬೇರೆ ಬೇರೆ ಅರಿವೆಯಲ್ಲಿ ಗಂಟು ಕಟ್ಟಿ ಒಂದೇ ಡಬ್ಬಿಗೆ ತುರುಕಿ, ಉಳಿದವಕ್ಕೆ ಜೋಳ ಸುರಿದೆವು. ಒಂದು ಕಾಳೂ ಹೊರಗುಳಿಯಲಿಲ್ಲ. ಅವಳಿಗೆ ಯಾವಾಗ ತೋರಿಸುತ್ತೇನೋ ಎಂದು ಬಾಗಿಲಲ್ಲೇ ಕಾದು ನಿಂತೆ.

ಸಂಜೆ ಬಂದವಳು ಹುರುಳಿ ಡಬ್ಬಿಗೆ ಕೈ ಹಾಕಿದರೆ ಜೋಳ, ಹೆಸರಿನ ಡಬ್ಬಿಗೆ ಹಾಕಿದರೂ ಜೋಳ. ನಾನು ಹೆಮ್ಮೆಯಿಂದ ಗಂಟುಗಳನ್ನು ತೋರಿಸಿದೆ. ಅವಳು ಬೈಯಲಿಲ್ಲ. ಒಲೆಯ ಮುಂದೆ ಕುಳಿತುಬಿಟ್ಟಳು.

"ಸಂಸಾರಕ್ಕ ನಿಂತಾಗ ನಮ್ಮವ್ವ ಹಾಕಿದ ಕಾಳರಿ ಅವು. ಅದರ ಮ್ಯಾಲ ಹೊಸಾವು ಹಾಕ್ಕೋಂತ ಬಂದೇನಿ. ಒಂದ ದಿನಾನೂ ಡಬ್ಬಿ ಬರಿದ ಮಾಡಿದ್ದಿಲ್ಲ ನಾ."

ನನಗೆ ನಿಜಕ್ಕೂ ಸಂಕಟವಾಯಿತು. ಬಸು ಡಿಸ್ಕಿನ ಸುದ್ದಿ ಎತ್ತದೆ ಜೋಳವನ್ನು ಮರಳಿ ಚೀಲಕ್ಕೆ ತುಂಬತೊಡಗಿದ. ಅವಳು ಗಂಟು ಬಿಚ್ಚಿ, ಒಂದೊಂದು ಹಿಡಿಯನ್ನೂ ಅದರದರ ಡಬ್ಬಿಗೆ ಸೇರಿಸಿದಳು.

ಚೀಲ ಮಾತ್ರ ಉಳಿಯಿತು. ಗಂಗವ್ವ ಮನೆಯನ್ನೆಲ್ಲ ಕಣ್ಣಲ್ಲೇ ಅಳೆದು, ನನ್ನ ಮಂಚದ ಹಾಸಿಗೆಯನ್ನು ಸುತ್ತಿ ಕೆಳಗಿಳಿಸಿದಳು. ತೇವ ತಾಗದ, ಚೂರಾಗದ, ಉದ್ದಕ್ಕೆ ಒಂದೇ ಜಾಗ. ಚೀಲ ಅಲ್ಲಿ ಆರಾಮಾಗಿ ಮಲಗಿತು. ನಾನು ನೆಲದ ಮೇಲೆ ಹಾಸಿಕೊಂಡು, ಮಂಚದ ಮೇಲಿನ ದಿಂಬಿಗೆ ಕೈ ಚಾಚಿದೆ. ಅವಳು ತಡೆದಳು.

"ಅದು ಅಲ್ಲೇ ಇರ್ಲಿ ಬಿಡ್ರಿ. ಪೂರ್ತಿ ಖಾಲಿ ಮಾಡಬಾರದು."

ಅಂದಿನಿಂದ ಜೋಳ ದಿಂಬಿನ ಮೇಲೆ ತಲೆಯಿಟ್ಟು ಮಲಗಿತು, ನಾನು ತೋಳಿನ ಮೇಲೆ.