ಉಕ್ಕಣ್ಣ ಎಷ್ಟು ಟನ್ ಎತ್ತಬೇಕು?

ಅಳತೆ ತಪ್ಪಬಾರದು ಎಂದು ಬದುಕುವವನನ್ನು ಅಳತೆಯೇ ಗೊತ್ತಿಲ್ಲದವರು ಹುಡುಕಿಕೊಂಡು ಬರುತ್ತಾರೆ. ನನ್ನ ಮಟ್ಟಿಗಂತೂ ಅವರು ಸಾಲುಗಟ್ಟಿ ಬಂದಿದ್ದಾರೆ, ಒಬ್ಬರೂ ದಾರಿ ತಪ್ಪಿಲ್ಲ.

ಮುಂಬಯಿಯ ಒಂದು ಎಂಜಿನಿಯರಿಂಗ್ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಚೆಕ್ಕರ್ ಆಗಿದ್ದೆ. ಬೇರೆಯವರು ಬರೆದ ನಕ್ಷೆಯಲ್ಲಿ ತಪ್ಪು ಹುಡುಕಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುವುದು ನನ್ನ ಕೆಲಸ. ವಾರದಲ್ಲಿ ಆರು ದಿನ ಇದಕ್ಕೆ ಸಂಬಳ ಕೊಡುತ್ತಿದ್ದರು. ಏಳನೆಯ ದಿನ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ. ಚೆಂಬೂರಿನ ನಾವು ಕೆಲವು ಕನ್ನಡಿಗರು ಸೇರಿ ಒಂದು ಮಾಸಪತ್ರಿಕೆ ನಡೆಸುತ್ತಿದ್ದೆವು. ಅದರ ಮಕ್ಕಳ ಪುಟಗಳಿಗೆ ನಾನು ಗೌರವ ಸಂಪಾದಕ. ಪತ್ರಿಕೆಗೆ ಬೆನ್ನಾಗಿ ನಿಂತವರು ಉಡುಪಿ ಕಡೆಯ ಒಬ್ಬ ಹೋಟೆಲ್ ಧಣಿಗಳು. ಅವರ ಹೋಟೆಲಿನ ಮಾಳಿಗೆಯೇ ನಮ್ಮ ಕಚೇರಿ. ಚಿತ್ರ ಬರೆಯುವವನು ಅವರ ಊರಿನವನೇ ಆದ ಒಬ್ಬ ಬೋರ್ಡ್ ಪೇಂಟರ್.

ಈ ಮೂವರ ನಡುವೆ ಹುಟ್ಟಿದವನು ಉಕ್ಕಣ್ಣ.

ಐದೂವರೆ ಮೂಟೆ

ಪರದೇಶದ ಕಾಮಿಕ್ ಪುಸ್ತಕಗಳು ಆಗ ಮುಂಬಯಿಯ ಫೋರ್ಟ್ ಭಾಗದ ಫುಟ್‌ಪಾತಿನಲ್ಲಿ ಹಳೆಯ ಮಾಲಾಗಿ ಸಿಗುತ್ತಿದ್ದವು. ಧಣಿಗಳು ಅಂಥದೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಕನ್ನಡದಲ್ಲೂ ಹೀಗೊಂದು ಬರಲಿ ಎಂದರು. ತೆರೆದು ನೋಡಿದೆ. ಒಬ್ಬ ಮನುಷ್ಯ ಇಡೀ ಹಡಗನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದ. ಮುಂದಿನ ಪುಟದಲ್ಲಿ ಅದೇ ಮನುಷ್ಯ ಒಬ್ಬ ಸಾಧಾರಣ ಕಳ್ಳನ ಜತೆ ಆರು ಚೌಕಗಳ ಉದ್ದಕ್ಕೂ ಗುದ್ದಾಡುತ್ತಿದ್ದ. ಹಡಗು ಎತ್ತುವವನಿಗೆ ಕಳ್ಳನನ್ನು ಹಿಡಿಯಲು ಆರು ಚೌಕ ಯಾಕೆ ಬೇಕು ಎಂದು ಕೇಳಿದೆ. ಧಣಿಗಳು ಮುಂದಿನ ಪುಟ ತಿರುಗಿಸಿದರು.

ಆಗ ನಾನು ನನ್ನ ಷರತ್ತು ಹೇಳಿದೆ. ನಾಯಕನ ಶಕ್ತಿಗೆ ಒಂದು ಮಿತಿ ಇರಬೇಕು, ಅದನ್ನು ನಾನು ಗೊತ್ತುಮಾಡುತ್ತೇನೆ, ಅವನು ಅದನ್ನು ದಾಟಿದ ತಿಂಗಳು ನಾನು ಸಂಪಾದಕನಲ್ಲ. ಮಿತಿ ಇಲ್ಲದವನಿಗೆ ಕಷ್ಟವಿಲ್ಲ, ಕಷ್ಟವಿಲ್ಲದವನಿಗೆ ಕಥೆಯಿಲ್ಲ. ಎಲ್ಲರೂ ಒಪ್ಪಿದರು. ಕಾರ್ಖಾನೆಯ ಕುಲುಮೆಗೆ ಬಿದ್ದು, ಸಾಯದೆ, ಉಕ್ಕಿನ ಮೈಯಾಗಿ ಎದ್ದು ಬಂದ ಕೂಲಿಯಾಳು ನಮ್ಮ ನಾಯಕ ಎಂದಾಯಿತು. ಕುಲುಮೆಗೆ ಬಿದ್ದವನು ಸಾಯಲೇಬೇಕು. ಆದರೆ ಮೊದಲ ಕಂತಿನಲ್ಲೇ ಸತ್ತರೆ ಎರಡನೆಯದಕ್ಕೆ ಯಾರನ್ನು ಬರೆಯಲಿ ಎಂದು ಪೇಂಟರ್ ಕೇಳಿದ್ದರಿಂದ, ಅದೊಂದು ತಪ್ಪಿಗೆ ಕಣ್ಣು ಮುಚ್ಚಿಕೊಂಡೆ.

ಎತ್ತುವ ಶಕ್ತಿ ಅರ್ಧ ಟನ್ ಎಂದು ಬರೆದೆ. ಅರ್ಧ ಟನ್ನೆಂದರೆ ಎಷ್ಟು ಮೂಟೆ ಎಂದು ಧಣಿಗಳು ಕೇಳಿದರು. ಅಕ್ಕಿಯಾದರೆ ಐದೂವರೆ ಎಂದೆ. ಅವರು ಕಿಟಕಿಯಿಂದ ಕೆಳಗೆ ನೋಡಿದರು. ಅಲ್ಲಿ ಹಮಾಲರು ಒಬ್ಬೊಬ್ಬರು ಒಂದೊಂದು ಮೂಟೆ ಹೊತ್ತು ಲಾರಿಯಿಂದ ಅಕ್ಕಿ ಇಳಿಸುತ್ತಿದ್ದರು. ಸ್ವಲ್ಪ ಹೊತ್ತು ಎಣಿಸಿ ನನ್ನ ಕಡೆ ತಿರುಗಿದರು.

"ಇದಕ್ಕೆ ಕುಲುಮೆಗೆ ಬೀಳುದು ಎಂತಕ್ಕೆ ರಾಯ್ರೆ? ಆರು ಜನ ಹಮಾಲರನ್ನು ಕರೆದ್ರೆ ಆಯ್ತಲ್ಲ."

ಒಂದು ಟನ್ನಿಗೆ ಏರಿಸಿದೆ. ಅದರ ಮೇಲೆ ಒಂದು ಔನ್ಸೂ ಇಲ್ಲ ಎಂದು ಬರೆದು, ಸಹಿ ಮಾಡಿ, ಗೋಡೆಗೆ ಅಂಟಿಸಿದೆ.

ಹನ್ನೊಂದು ಅಡಿ

ಪೇಂಟರ್ ಹೋಟೆಲುಗಳ ಗೋಡೆಯ ಮೇಲೆ ದೇವರನ್ನು ಬರೆದು ಕೈ ಪಳಗಿಸಿಕೊಂಡವನು. ದೇವರ ಚಿತ್ರದಲ್ಲಿ ದೇವರು ದೊಡ್ಡದು, ಭಕ್ತರು ಮೊಣಕಾಲಿಗೆ ಬರುತ್ತಾರೆ. ಉಕ್ಕಣ್ಣನಿಗೂ ಅವನು ಅದೇ ಪದ್ಧತಿ ಹಿಡಿದ. ಮೊದಲ ಕಂತು ನೋಡಿದ ಕೂಡಲೇ ನಾನು ಸ್ಕೇಲ್ ತೆಗೆದೆ. ಪಕ್ಕದ ಬಾಗಿಲು ಆರೂವರೆ ಅಡಿ ಎಂದಿಟ್ಟುಕೊಂಡರೆ ಉಕ್ಕಣ್ಣ ಹನ್ನೊಂದು ಅಡಿ. ಪೊಲೀಸಿನವನು ಎರಡೂ ಮುಕ್ಕಾಲು. ತಲೆಯ ಹಿಂದೆ ಹಳದಿ ಪ್ರಭಾವಳಿ ಬೇರೆ.

ಪ್ರಭಾವಳಿ ತೆಗೆಸಿದೆ. ಕುಲುಮೆಗೆ ಬಿದ್ದರೆ ಮನುಷ್ಯ ಎತ್ತರವಾಗುವುದಿಲ್ಲ, ಐದಡಿ ಎಂಟಂಗುಲ ಸಾಕು ಎಂದೆ. ಅವನು ತಲೆ ಕೆರೆದುಕೊಂಡ. "ಹಾಗೆ ಬರೆದ್ರೆ ನಮ್ಮ ಭಾವನ ಹಾಗೆ ಕಾಣ್ತಾನೆ ಸಾರ್," ಎಂದ. ಭಾವ ಕಂಡರೂ ಪರವಾಗಿಲ್ಲ, ಅಳತೆ ಮುಖ್ಯ ಎಂದೆ. ಪಾಪ, ಹೇಳಿದಂತೆಯೇ ಬರೆದ. ಸಂತೆಯ ಗದ್ದಲದ ನಡುವೆ ಉಕ್ಕಣ್ಣ, ಕಳ್ಳ, ಪೊಲೀಸು, ಸೊಪ್ಪಿನವಳು, ಎಲ್ಲರೂ ಸರಿಯಾದ ಎತ್ತರದಲ್ಲಿ ನಿಂತಿದ್ದರು. ನನಗೆ ಆ ಚಿತ್ರ ಕಂಡು ಆದ ಸಂತೋಷ ಅಷ್ಟಿಷ್ಟಲ್ಲ.

ಅಚ್ಚಾದ ಪ್ರತಿಯನ್ನು ಧಣಿಗಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ ಒಬ್ಬನ ಮೇಲೆ ಬೆರಳಿಟ್ಟು, ಉಕ್ಕಣ್ಣನಿಗೆ ಎಂಥ ಕಳೆ ಬಂದಿದೆ, ಈ ಸಲ ಮುಖ ನೋಡಿದರೇ ಗೌರವ ಬರುತ್ತದೆ ಎಂದು ಮೆಚ್ಚಿಕೊಂಡರು.

ಅವರು ಬೆರಳಿಟ್ಟದ್ದು ಕಳ್ಳನ ಮೇಲೆ.

ಊಟದ ಪ್ರಶ್ನೆ

ಒಂದು ಟನ್ ಎತ್ತುವವನು ತಿನ್ನುವುದೇನು? ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಓದುಗರಿಗೆ ಹೊಳೆಯಿತು.

ಕುಚ್ಚಲಕ್ಕಿ ಗಂಜಿ ಉಣ್ಣದೆ ಅಂಥ ರಟ್ಟೆ ಬರಲು ಸಾಧ್ಯವೇ ಇಲ್ಲ ಎಂದು ಧಣಿಗಳು ಗಟ್ಟಿಯಾಗಿ ಹೇಳಿದರು. ಧಾರವಾಡ ಕಡೆಯವರಿಂದ ಜೋಳದ ರೊಟ್ಟಿಯ ಪರವಾಗಿ ಹದಿನೈದು ಸಹಿಗಳ ಮನವಿ ಬಂತು. ಇದನ್ನೆಲ್ಲ ಮನೆಯಲ್ಲಿ ಹೇಳಿ ನಗೋಣವೆಂದರೆ ನನ್ನ ಹೆಂಡತಿ ನಗಲಿಲ್ಲ. ಅವಳು ಮಂಡ್ಯದವಳು. "ಅಲ್ಲಾ ಕಣ್ರೀ, ಮುದ್ದೆ ಉಣ್ಣದೆ ಒಂದು ಟನ್ ಹೇಗೆ ಎತ್ತುತಾನೆ? ನೀವೇ ಲೆಕ್ಕ ಹಾಕಿ," ಎಂದಳು. ನಾನು ಹಾಕಲಿಲ್ಲ. ಆ ವಾರವೆಲ್ಲ ನನಗೆ ಎರಡು ಹೊತ್ತೂ ಮುದ್ದೆ.

ಕೊನೆಗೆ ತೀರ್ಪು ಕೊಟ್ಟೆ. ಉಕ್ಕು ತಿನ್ನುವುದಿಲ್ಲ, ಆದ್ದರಿಂದ ಉಕ್ಕಣ್ಣ ಊಟ ಮಾಡುವುದಿಲ್ಲ. ಹಾಗೆಂದು ಪತ್ರಿಕೆಯಲ್ಲಿ ಅಚ್ಚೂ ಹಾಕಿಸಿದೆ. ಹದಿನೈದು ದಿನ ನೆಮ್ಮದಿ ಇತ್ತು. ಆಮೇಲೆ ಘಾಟ್ಕೋಪರಿನ ಒಬ್ಬ ತಾಯಿಯಿಂದ ಕಾಗದ ಬಂತು. ಅವರ ಮಗ ಎರಡು ದಿನದಿಂದ ತಟ್ಟೆ ಮುಟ್ಟಿಲ್ಲ, ಕೇಳಿದರೆ ಉಕ್ಕಣ್ಣ ಉಣ್ಣುವುದಿಲ್ಲ ಎನ್ನುತ್ತಾನೆ, ಸಂಪಾದಕರು ದಯಮಾಡಿ ಆ ಪುಣ್ಯಾತ್ಮನಿಗೆ ಒಂದು ಊಟ ಹಾಕಿಸಬೇಕು.

ಮಗುವಿನ ವಿಷಯ, ತೀರ್ಪು ಬದಲಿಸಿದೆ. ಮುಂದಿನ ಕಂತಿನಲ್ಲಿ ಉಕ್ಕಣ್ಣ ಎಲೆಯ ಮುಂದೆ ಕೂತ. ಆದರೆ ಎಲೆಯಲ್ಲಿ ಏನಿದೆಯೆಂದು ಯಾರಿಗೂ ಕಾಣದಂತೆ ಬೆನ್ನು ನಮ್ಮ ಕಡೆ ಮಾಡಿಸಿ ಕೂರಿಸಿದೆವು.

ಧಣಿಗಳು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನಿಂದಲೂ ಒಮ್ಮೆ ನೋಡಿದರು.

ರೇಷನ್

ಒಂದು ಬೆಳಿಗ್ಗೆ ಲೋಕಲ್‌ನಲ್ಲಿ ನನ್ನ ಎದುರು ಇಬ್ಬರು ಕನ್ನಡದವರು ಕೂತಿದ್ದರು, ಆಫೀಸಿಗೆ ಹೊರಟ ದೊಡ್ಡವರು. ಒಬ್ಬರ ಕೈಯಲ್ಲಿ ನಮ್ಮ ಪತ್ರಿಕೆ. ಕೆಟ್ಟು ನಿಂತ ಮೋಟಾರನ್ನು ಉಕ್ಕಣ್ಣ ಒಂದು ತುದಿಯಿಂದ ಮಾತ್ರ ಎತ್ತಿದ ಚಿತ್ರ ಅದರಲ್ಲಿತ್ತು. ಪೂರ್ತಿ ಎತ್ತಿದರೆ ಮಿತಿ ದಾಟುತ್ತದೆಂದು ನಾನೇ ತೂಕ ನೋಡಿ, ಹಿಂದಿನ ಎರಡು ಚಕ್ರಗಳನ್ನು ನೆಲದ ಮೇಲೆ ಬಿಡಿಸಿದ್ದೆ.

ಅರ್ಧ ಎತ್ತಿ ಬಿಟ್ಟಿದ್ದಾನಲ್ಲ, ಜ್ವರ ಬಂದಿತ್ತೇನು ಎಂದು ಒಬ್ಬರು ಕೇಳಿದರು. ಉಕ್ಕಣ್ಣನ ತಪ್ಪಲ್ಲ, ಅದರ ಸಂಪಾದಕ ಒಬ್ಬನಿದ್ದಾನೆ, ಅವನು ರೇಷನ್ ಅಂಗಡಿಯವನ ಹಾಗೆ ಶಕ್ತಿಯನ್ನು ತೂಗಿ ಕೊಡುತ್ತಾನೆ ಎಂದರು ಇನ್ನೊಬ್ಬರು. ಸುಮ್ಮನಿರಲಾಗಲಿಲ್ಲ. ಆ ಸಂಪಾದಕರನ್ನು ನಾನು ಬಲ್ಲೆ, ಅವರು ಶಿಸ್ತಿನ ಮನುಷ್ಯ, ಮನೆಯಲ್ಲೂ ಹಾಗೆಯೇ ಎಂದು ಹೇಳಿದೆ.

ಇಬ್ಬರೂ ನನ್ನ ಮುಖ ನೋಡಿದರು. ಅವರಲ್ಲಿ ವಯಸ್ಸಾದವರು ಪತ್ರಿಕೆ ಮಡಿಸಿಟ್ಟು ನಿಟ್ಟುಸಿರು ಬಿಟ್ಟರು.

"ಅಯ್ಯೋ ಪಾಪ, ಅವರ ಹೆಂಡತಿ."

ಸಿಗ್ನಲ್

ಇನ್ನು ಕೊನೆಯದು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಂಪನಿ ಕೆಲಸದ ಮೇಲೆ ಹತ್ತು ದಿನ ಪುಣೆಗೆ ಹೋಗಿದ್ದೆ. ಬರುವಷ್ಟರಲ್ಲಿ ಆ ತಿಂಗಳ ಸಂಚಿಕೆ ನನ್ನ ಕಣ್ಣಿಗೆ ಬೀಳದೆ ಅಚ್ಚಾಗಿಹೋಗಿತ್ತು. ಅದರಲ್ಲಿ ಸಮುದ್ರ ಒಳನುಗ್ಗಿದ ಖಾಡಿಯ ಮೇಲಿನ ರೈಲು ಸೇತುವೆ ಮುರಿದು ಬಿದ್ದಿತ್ತು. ಜನ ತುಂಬಿದ ಲೋಕಲ್ ಅದರ ಕಡೆಗೇ ಓಡಿ ಬರುತ್ತಿತ್ತು. ಹಳಿಯ ಮೇಲೆ ಎರಡೂ ಕೈ ಚಾಚಿಕೊಂಡು ಉಕ್ಕಣ್ಣ ನಿಂತಿದ್ದ. ಕೆಳಗೆ ದೊಡ್ಡ ಅಕ್ಷರದಲ್ಲಿ, ಮುಂದಿನ ತಿಂಗಳು ನೋಡಿ.

ಆ ಗಾಡಿಯ ತೂಕ ನೂರಾರು ಟನ್ ಎಂದು ಪೇಂಟರನಿಗೆ ಹೇಳಿದೆ. ನಾನು ಎಂಟೇ ಡಬ್ಬಿ ಬರೆದದ್ದು ಸಾರ್ ಎಂದ, ಉಪಕಾರ ಮಾಡಿದವನ ಧಾಟಿಯಲ್ಲಿ. ಒಂದೇ ಒಂದು ಸಲ ಗಾಡಿ ನಿಲ್ಲಿಸಲಿ ಬಿಡಿ, ಊರೆಲ್ಲ ಕಾದು ಕೂತಿದೆ ಎಂದು ಧಣಿಗಳು ಬೇಡಿಕೊಂಡರು. ನಾನು ಗೋಡೆಯ ಮೇಲಿನ ಕಾಗದ ತೋರಿಸಿದೆ. ಅವನು ಗಾಡಿಗೆ ಕೈ ಹಚ್ಚಿದರೆ ನಾನಿಲ್ಲ. ಧಣಿಗಳಿಗೆ ನಾನು ಬೇಕಾಗಿತ್ತೋ ಇಲ್ಲವೋ, ಪ್ರೂಫ್ ನೋಡುವವರು ಬೇರೆ ಯಾರೂ ಇರಲಿಲ್ಲ. ಒಪ್ಪಿದರು.

ಕಂತನ್ನು ನಾನೇ ಬರೆದೆ. ಉಕ್ಕಣ್ಣ ಕೈ ಇಳಿಸುತ್ತಾನೆ. ಹಳಿಯಿಂದ ಪಕ್ಕಕ್ಕೆ ಸರಿದು, ಗಾಡಿ ಈಗಷ್ಟೇ ಬಿಟ್ಟು ಬಂದ ಸ್ಟೇಷನ್ನಿಗೆ ಓಡುತ್ತಾನೆ. ಸ್ಟೇಷನ್ ಮಾಸ್ಟರಿಗೆ ವಿಷಯ ಹೇಳುತ್ತಾನೆ. ಅವರು ಸಿಗ್ನಲ್ ಕೆಂಪು ಮಾಡುತ್ತಾರೆ. ಗಾಡಿ ನಿಲ್ಲುತ್ತದೆ. ಒಂದು ಪೌಂಡ್ ಭಾರವನ್ನೂ ಎತ್ತದೆ ಎಲ್ಲರ ಜೀವ ಉಳಿಯಿತು. ಕೊನೆಯ ಚೌಕದಲ್ಲಿ ಪ್ರಯಾಣಿಕರು ಸ್ಟೇಷನ್ ಮಾಸ್ಟರಿಗೆ ಹಾರ ಹಾಕುತ್ತಿರುವುದನ್ನು, ಪಕ್ಕದಲ್ಲಿ ಉಕ್ಕಣ್ಣ ಸುಮ್ಮನೆ ನಿಂತಿರುವುದನ್ನು ಪೇಂಟರ್ ಹಲ್ಲು ಕಚ್ಚಿಕೊಂಡು ಬರೆದ.

ಸಂಚಿಕೆ ಹೊರಬಂದ ಮೊದಲ ಭಾನುವಾರ ಧಣಿಗಳು ನನಗೆ ಕೆಳಗಿನಿಂದ ಕಾಫಿ ಕಳಿಸಲಿಲ್ಲ. ಎರಡನೆಯ ಭಾನುವಾರ ಕೊಡೆ ಹಿಡಿದ ಒಬ್ಬ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಮೂವತ್ತು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರಂತೆ, ಮೂಲ ಧಾರವಾಡ. ಕೈಯಲ್ಲಿದ್ದ ನಮ್ಮ ಪತ್ರಿಕೆಯ ತುಂಬ ಪೆನ್ಸಿಲಿನ ಸುತ್ತುಗಳು. ಅದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಕೊನೆಗೂ ನನ್ನ ಜಾತಿಯ ಮನುಷ್ಯನೊಬ್ಬ ಸಿಕ್ಕಿದ. ನನ್ನ ಕುರ್ಚಿಯನ್ನೇ ಕೊಟ್ಟು ಕೂರಿಸಿದೆ, ಕಾಫಿ ತರಿಸಿದೆ.

ಅವರು ಕಾಫಿ ಮುಟ್ಟಲಿಲ್ಲ. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದೆ. ಮೂರನೆಯ ಚೌಕದ ಮೇಲೆ ಬೆರಳಿಟ್ಟರು.

"ಗಾಡಿ ಸ್ಟೇಷನ್ ಬಿಟ್ಟದ, ಸಿಗ್ನಲ್ ದಾಟಿ ಮುಂದ ಬಂದದ. ಹಿಂದಿನ ಸಿಗ್ನಲ್ ಕೆಂಪು ಮಾಡಿದ್ರ ಡ್ರೈವರ್‌ಗೆ ಹೆಂಗ ಕಾಣಬೇಕ್ರೀ? ಅವನ ಬೆನ್ನಿಗೇನು ಕಣ್ಣು ಅದಾವೇನು?"

ನಾನು ಚಿತ್ರ ನೋಡಿದೆ. ಮತ್ತೊಮ್ಮೆ ನೋಡಿದೆ. ಅಚ್ಚಾಗುವ ಮೊದಲು ಆರು ಸಲ ನೋಡಿದ್ದೆ.

ಅವರು ನಿಲ್ಲಿಸಲಿಲ್ಲ. ಮುಂದಿನ ಸ್ಟೇಷನ್ನಿನವರು ಗಾಡಿ ಬರಲಿ ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಅದನ್ನು ಬಿಡುವುದು, ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಹಾಗೆ ಬಿಟ್ಟ ಗಾಡಿಯನ್ನು ಹಿಂದಿನ ಸ್ಟೇಷನ್ನಿನವನ ಅಪ್ಪ ಬಂದರೂ ಹಿಡಿಯಲಾರ. ತಾವು ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಕೈ ಸೋತವರು. ಈಗ ಈ ಪುಸ್ತಕ ಓದಿದ ಮೊಮ್ಮಗ, ಅಜ್ಜಾ, ನೀನು ಎಷ್ಟು ಗಾಡಿ ಹಾಗೆ ನಿಲ್ಲಿಸಿದ್ದೆ ಎಂದು ದಿನಾ ಜೀವ ತಿನ್ನುತ್ತಿದ್ದಾನೆ. ಸ್ಟೇಷನ್ ಮಾಸ್ಟರನಿಗೆ ಇಲ್ಲದ ಶಕ್ತಿಯನ್ನು ಹೀಗೆ ಬೇಕಾಬಿಟ್ಟಿ ಕೊಡುವುದು ಯಾವ ನ್ಯಾಯ?

ಹಾಗಾದರೆ ಆ ಗಾಡಿಯನ್ನು ನಿಲ್ಲಿಸುವುದು ಹೇಗೆ ಎಂದು ಧಣಿಗಳು ಮೆಲ್ಲನೆ ಕೇಳಿದರು.

"ನಿಯಮದ ಪ್ರಕಾರ ನೋಡಿದ್ರ ಒಂದs ದಾರಿ," ಎಂದರು ಹಿರಿಯರು. "ಉಕ್ಕಣ್ಣ ಕೈಲೆ ಹಿಡದು ನಿಲ್ಲಸಬೇಕು."

ಪೇಂಟರ್ ಪೆನ್ಸಿಲ್ ಚೂಪು ಮಾಡತೊಡಗಿದ.

ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಬೇಕು, ಇದು ನನ್ನ ನಿಯಮ. ತಿದ್ದಿದರೆ ಉಕ್ಕಣ್ಣ ಮಿತಿ ದಾಟುತ್ತಾನೆ. ದಾಟಿದರೆ ನಾನು ಹೋಗಬೇಕು, ಅದೂ ನನ್ನದೇ ನಿಯಮ. ಎರಡನ್ನೂ ಪಾಲಿಸಿದೆ. ಮುಂದಿನ ಸಂಚಿಕೆಯಲ್ಲಿ ನನ್ನ ಸಹಿಯೊಂದಿಗೆ ಹೀಗೆ ಪ್ರಕಟವಾಯಿತು: "ಕಳೆದ ತಿಂಗಳು ಗಾಡಿಯು ಸಿಗ್ನಲ್ಲಿನಿಂದ ನಿಂತಿತೆಂದು ತಪ್ಪಾಗಿ ಅಚ್ಚಾಗಿದೆ. ಉಕ್ಕಣ್ಣನು ಎರಡು ಕೈಯಿಂದ ನಿಲ್ಲಿಸಿದನೆಂದು ಓದಿಕೊಳ್ಳಬೇಕು." ಅದರ ಕೆಳಗೇ ನನ್ನ ರಾಜೀನಾಮೆ.

ಆ ಜಾಗಕ್ಕೆ ಧಣಿಗಳು ಆ ಹಿರಿಯರನ್ನೇ ಕೂರಿಸಿದರು. ಇನ್ನು ಮೇಲೆ ಉಕ್ಕಣ್ಣನಿಗೆ ತಡೆಯಿಲ್ಲ, ಹಾರಿಸಿಯೇ ಬಿಡುತ್ತೇವೆ ಎಂದು ಧಣಿಗಳೂ ಪೇಂಟರೂ ಹಿಗ್ಗಿದರು. ನಾಲ್ಕು ತಿಂಗಳಾದ ಮೇಲೆ ಪೇಂಟರ್ ಸ್ಟೇಷನ್ನಿನಲ್ಲಿ ಸಿಕ್ಕಿದ, ಸೊರಗಿದ್ದ. ಉಕ್ಕಣ್ಣ ಹಾರಿದನೇನಪ್ಪಾ ಎಂದು ಕೇಳಿದೆ.

"ಎಲ್ಲಿ ಸಾರ್. ಮಾಳಿಗೆ ಮೇಲೆ ನಿಲ್ಲಿಸಿ ನಾಲ್ಕು ಕಂತಾಯ್ತು. ಲೈನ್ ಕ್ಲಿಯರ್ ಸಿಗ್ಲಿಲ್ಲ ಅಂತ ಮಾಸ್ಟ್ರು ಬಿಡ್ತಾ ಇಲ್ಲ."